ಐದನೆಯ ಗಂಟು

ಬೈತಖೋಲಿನ ಗುಡ್ಡಕ್ಕೆ ಅಂಟಿಕೊಂಡ ಬಾಡಿಗೆಯ ಎರಡು ಕೋಣೆ.
ಏರಲು ಹತ್ತೊಂಬತ್ತು ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ.
ಏದುಸಿರು ಬಿಡುತ್ತ ನಿಂತವಳು ನಾನು,
ಕೈಯಲ್ಲಿ ಆಸ್ಪತ್ರೆಯ ಅಳತೆಪಟ್ಟಿ, ನಾಲ್ಕು ಪುಟದ ಫಾರ್ಮು.
ಒಳಗಿನಿಂದ ದನಿ:
"ಮೊದಲು ಉಸಿರು ತಕ್ಕೋ ಮಗಾ.
ಬೀಳಬೇಡ ಅಂತ ಹೇಳಲಿಕ್ಕೆ ಬಂದವಳು
ನನ್ನ ಹೊಸ್ತಿಲಲ್ಲೇ ಬಿದ್ದರೆ ಹೇಗೆ?"

ಗುಲಾಬಿ ಬಾನಾವಳಿ.
ವಯಸ್ಸು ಎಪ್ಪತ್ತೊಂಬತ್ತೋ ಎಂಬತ್ತೆರಡೋ,
ಆಧಾರ್ ಕಾರ್ಡಿಗೊಂದು, ಅವಳ ಲೆಕ್ಕಕ್ಕೊಂದು.
ಕೆಲಸ: ಹರಿದ ಬಲೆ ಹೆಣೆದು ಕೊಡುವುದು.
ಮದುವೆ: "ಪುರಸೊತ್ತಾಗಲಿಲ್ಲ."

ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಬಿದ್ದಿರಿ?
"ಬೀಳಲಿಲ್ಲ. ಒಮ್ಮೆ ಕೂತೆ,
ಕೂರಬೇಕು ಅಂದುಕೊಂಡದ್ದಕ್ಕಿಂತ ಸ್ವಲ್ಪ ಬೇಗ."
ಬರೆದೆ: ಒಂದು.
ಅವಳು ಬಗ್ಗಿ ನೋಡಿದಳು. "ಅರ್ಧ ಅಂತ ಬರಿ."

ಹೊಸ್ತಿಲು ಆರಿಂಚು.
ಬಚ್ಚಲ ಕಲ್ಲು ನುಣುಪು, ಮೂಲೆಗೆ ಪಾಚಿ.
ಇರುವ ಒಂದೇ ಬಲ್ಬಿನ ಸ್ವಿಚ್ಚು ಆಚೆ ಬಾಗಿಲ ಹಿಂದೆ,
ಕತ್ತಲು ದಾಟಿದವರಿಗೆ ಮಾತ್ರ ಬೆಳಕು.

ಅವಳಿಗೆ ಹೇಳಲಿಲ್ಲ,
ಹಬ್ಬುವಾಡದ ಒಂದು ಮನೆಗೆ
ಎರಡು ದಿನ ತಡವಾಗಿ ಹೋದದ್ದನ್ನು.
ಬಕೆಟ್ಟು ತುಂಬಿಯೇ ಇತ್ತು, ಮಗ್ಗು ತೇಲುತ್ತಿತ್ತು.
ಅಂದಿನಿಂದ ಯಾರ ಬಚ್ಚಲಿಗೆ ಹೋದರೂ
ನಾನು ಮೊದಲು ನೋಡುವುದು ಮಗ್ಗನ್ನು.

ಹಾಗೆ ನೋಡುತ್ತಿದ್ದಾಗ ಕಂಡಿತು ಹಗ್ಗ.
ಮಂಚದಿಂದ ಹೊರಟು ಗೋಡೆಗುಂಟ,
ಒಲೆಕಟ್ಟೆ ಬಳಸಿ, ಹಿಂಬಾಗಿಲು ದಾಟಿ, ಬಚ್ಚಲವರೆಗೆ
ಹಳೆಯ ಟ್ರಾಲರಿನ ನೀಲಿ ಹಗ್ಗ,
ಅಲ್ಲಲ್ಲಿ ಗೋಡೆಗೆ ಕಬ್ಬಿಣದ ಬಳೆ.
ಕೈಯಾಡಿ ಆಡಿ ನೀಲಿಯೆಲ್ಲ ಬೂದಿ.
"ಬಟ್ಟೆ ಒಣಗಿಸಲಿಕ್ಕಾ?" ಎಂದೆ, ಓದಿದವಳು.

"ಕಣ್ಣು ಮುಚ್ಚು," ಅಂದಳು. "ಹಿಡಿ. ನಡಿ."

ಒಂದು ಗಂಟು. ಮಂಚ ಮುಗಿಯಿತು.
ಎರಡು ಗಂಟು ಒತ್ತೊತ್ತಾಗಿ: ಹೊಸ್ತಿಲು, ಕಾಲೆತ್ತು.
ಚಪ್ಪಟೆ ಗಂಟಿಗೆ ಒಲೆ, ಬಲಕ್ಕೆ ವಾಲಬೇಡ.
ಆಮೇಲೆ ತುಂಬ ಹೊತ್ತು ಬರಿ ಹಗ್ಗ, ಬರಿ ಕತ್ತಲು,
ಕೆಳಗೆ ಬಂದರಿನಲ್ಲಿ ಯಾವುದೋ ಇಂಜಿನ್ನಿನ ಕೆಮ್ಮು.
ಕೊನೆಗೆ ಮುಷ್ಟಿಗಾತ್ರದ ಐದನೆಯದು
ನೇರ ಬೆರಳಿಗೇ ಹೇಳಿತು: ಇಲ್ಲಿ ನೀರಿದೆ.

ಕಣ್ಣು ತೆರೆದು ಫಾರ್ಮಿನ ನಾಲ್ಕೂ ಪುಟ ತಿರುವಿದೆ.
ಹಗ್ಗಕ್ಕೆ ಕಾಲಂ ಇರಲಿಲ್ಲ.

"ಈಚೆಗೆ ಹೆಗಲು ನೋಯುತ್ತದಾ?"
"ಬಲಗಡೆ. ನಿನಗೆ ಯಾರು ಹೇಳಿದರು?"
ಗೋಡೆಗೆ ನಿಲ್ಲಿಸಿ ಅಳೆದೆ.
ಹದಿನಾಲ್ಕು ವರ್ಷದ ಹಿಂದೆ ಕಟ್ಟಿದ ಹಗ್ಗ ಕಟ್ಟಿದಲ್ಲೇ ಇದೆ,
ಅವಳು ನಾಲ್ಕು ಬೆರಳು ಇಳಿದಿದ್ದಾಳೆ.
ಸುಮ್ಮನಿದ್ದು, ಆಮೇಲೆ ತಾನೇ ಅಂದಳು:
"ಭರತದಲ್ಲಿ ಗಿಡ್ಡ ಕಟ್ಟಿದ ದೋಣಿ
ಇಳಿತಕ್ಕೆ ಧಕ್ಕೆಗೆ ನೇತಾಡ್ತದೆ. ನನಗೆ ಹೊಳೆಯಲೇ ಇಲ್ಲ ನೋಡು."

ಇನ್ನೊಂದು ಬಲ್ಬಿಗೆ ಒಪ್ಪಿದಳು. ಬಚ್ಚಲಿಗೆ ಒರಟು ಕಲ್ಲಿಗೂ.
ಕೂತು ಮೀಯಲು ಸ್ಟೂಲು ಬೇಡ,
ಮೀನಿನ ಕ್ರೇಟು ಕವುಚಿ ಹಾಕಿದರೆ ಸಾಕು.
ಕಮೋಡ್ ಕುರ್ಚಿಗೆ: "ಸತ್ತ ಮೇಲೆ ನೋಡುವ."
ರಾತ್ರಿ ಪಕ್ಕದ ಮನೆಯಲ್ಲಿ ಮಲಗಬಹುದಲ್ಲ?
"ಅಲ್ಲಿ ನನ್ನ ಗಂಟಿಲ್ಲ."

ಮುಂದಿನ ಗುರುವಾರ ಡ್ರಿಲ್ಲಿನವನ ಜೊತೆ ಬಂದೆ.
ಬಳೆಗಳು ನಾಲ್ಕು ಬೆರಳು ಕೆಳಗಿಳಿದವು.
ಕೊನೆಯ ಗಂಟು ನಾನು ಕಟ್ಟಿದೆ.
ಒಮ್ಮೆ ಜಗ್ಗಿದಳು, ಜಾರಿತು.
"ಆಸ್ಪತ್ರೆ ಗಂಟು," ಎಂದು ಬಿಚ್ಚಿ,
ಕಿಟಕಿಯಾಚೆ ಸಮುದ್ರ ನೋಡುತ್ತಲೇ ಕಟ್ಟಿದಳು.

'ಇತರೆ' ಎಂಬಲ್ಲಿ ಬರೆದೆ:
ಹಗ್ಗ ತೆಗೆಯಬಾರದು. ಗಂಟು ರೋಗಿಯೇ ಹಾಕಿದ್ದು.
'ರೋಗಿ' ಹೊಡೆದು ಹಾಕಿ ಹೆಸರು ಬರೆದೆ.

ಮೆಟ್ಟಿಲಿಳಿಯುವಾಗ ಮೇಲಿನಿಂದ ಕೂಗು:
"ಏಳನೆಯದು ಅಲ್ಲಾಡ್ತದೆ, ನೋಡ್ಕೊಂಡು!"
ಅದನ್ನು ನಾನು ಬರೆದುಕೊಂಡಿರಲಿಲ್ಲ.